ದಾವಣಗೆರೆಯಿಂದ ದುರ್ಗಕ್ಕೆ ಹೋಗಿ ರೂಮ್ ಮಾಡಿದೆವು: ಮಕ್ಕಳ ಜೊತೆ ರಜೆ, ನನ್ನ ಅನುಭವ

ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಹೋಗಿ ಎರಡು ರಾತ್ರಿ ರೂಮ್ ಮಾಡ್ತೀವಿ ಅಂದಾಗ ಮನೆಯಲ್ಲಿ ನಗದವರೇ ಇಲ್ಲ. "ಅತ್ತಿಗೆ, ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಹೋದ್ರೆ ಸಂಜೆ ಮಿರ್ಚಿ ಮಂಡಕ್ಕಿಗೆ ವಾಪಸ್ ಬರಬಹುದಲ್ಲ" ಅಂದ ಮೈದುನ. ಲಾಡ್ಜಿಗೆ ಸುರಿಯೋ ದುಡ್ಡಲ್ಲಿ ಇನ್ನೊಂದು ಸಲ ಧರ್ಮಸ್ಥಳ ಆಗುತ್ತೆ ಅಂತ ಅತ್ತೆಯ ಲೆಕ್ಕ. ಈಗ ಅದೇ ಮೈದುನ ತನ್ನ ಮಕ್ಕಳನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋ ಮೊದಲು ನನಗೆ ಫೋನ್ ಮಾಡ್ತಾನೆ. ಅದಕ್ಕೇ ಬರೆಯೋ ಧೈರ್ಯ ಬಂತು.

ಆಗ ದೊಡ್ಡವನಿಗೆ ನಾಲ್ಕು ದಾಟಿತ್ತು, ಚಿಕ್ಕವಳಿಗೆ ಎರಡು ತುಂಬಿರಲಿಲ್ಲ. ಅದಕ್ಕೂ ಮೊದಲು ನಾವೂ ಎಲ್ಲರ ಹಾಗೇ ಹೋಗ್ತಿದ್ದೆವು. ಮೂರು ದಿನದಲ್ಲಿ ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಕಾರಿಗೆ ಹಾಕೋದು. ಮಕ್ಕಳು ಮಲಗಿಕೊಂಡೇ ಬರ್ತಾರೆ ಅನ್ನೋದು ಎಲ್ಲರ ನಂಬಿಕೆ. ನಮ್ಮವು ಹರಿಹರ ದಾಟೋದ್ರೊಳಗೆ ಪೂರ್ತಿ ಎಚ್ಚರ, ಒಂಬತ್ತಕ್ಕೆಲ್ಲ ರಂಪ. ಚಾರ್ಮಾಡಿ ಘಾಟಿಯಲ್ಲಿ ಒಬ್ಬ ವಾಂತಿ ಮಾಡಿದ, ಅದನ್ನ ನೋಡಿ ಇನ್ನೊಬ್ಬಳು ಮಾಡಿದಳು. ದರ್ಶನದ ಸಾಲಿನಲ್ಲಿ ಡಯಾಪರ್ ಸೋರಿತು. ರಾತ್ರಿ ಹತ್ತೂವರೆಗೆ ರೂಮ್ ಹುಡುಕಾಟ. ನಾನೂ ನಮ್ಮನೆಯವರೂ ಅವತ್ತು ಬೈದಾಡಿಕೊಂಡಷ್ಟು ಮದುವೆಯಾದ ಮೇಲೆ ಎಂದೂ ಬೈದಾಡಿರಲಿಲ್ಲ. ಒಟ್ಟು ಇಪ್ಪತ್ನಾಲ್ಕು ಸಾವಿರದ ಹತ್ತಿರ ಹತ್ತಿರ ಖರ್ಚಾಯ್ತು. ಏನು ನೋಡಿದೆ ಅಂತ ದೊಡ್ಡವನನ್ನ ಕೇಳಿದರೆ, "ಹೋಟೆಲ್ ಹಿಂದೆ ಕರು ಇತ್ತು" ಅಂದ.

ಮನೆಗೆ ಬಂದು ಖರ್ಚು ಬರೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಕಾರಿಗೇ ಹೋಗಿತ್ತು. ಬಾಡಿಗೆ ಕಾರಿನ ಲೆಕ್ಕ ನಿಮಗೂ ಗೊತ್ತು. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕಡ್ಡಾಯ, ಓಡಿಸದಿದ್ದರೂ ಕೊಡಬೇಕು, ಮೇಲೆ ಡ್ರೈವರ್ ಬಾಟಾ. ದುಡ್ಡು ಕೊಟ್ಟ ಮೇಲೆ ಓಡಿಸೋಣ ಅನ್ನಿಸುತ್ತೆ. "ಹೇಗೂ ಗಾಡಿ ಇದೆಯಲ್ಲ, ಅದನ್ನೂ ನೋಡ್ಕೊಂಡು ಬರೋಣ" ಅನ್ನೋ ಮಾತು ಹುಟ್ಟೋದೇ ಇಲ್ಲಿ. ಮಕ್ಕಳ ಅಳುವಿನಲ್ಲಿ ಅರ್ಧ ಆ ಒಂದು ಮಾತಿನಿಂದ ಬಂದದ್ದು. ಹಾಗಾಗಿ ಗಾಡಿ ಕೈಬಿಟ್ಟೆ. ಆ ದುಡ್ಡನ್ನ ಒಳ್ಳೆ ರೂಮಿಗೆ ಹಾಕಿದೆ.

ದುರ್ಗವನ್ನ ಆರಿಸಿದ್ದು ಪರೀಕ್ಷೆಗೆ. ಕೆಟ್ಟರೆ ಒಂದೂವರೆ ಗಂಟೆಯಲ್ಲಿ ಮನೆ. ನಾನು, ನಮ್ಮನೆಯವರು, ಮಕ್ಕಳು, ಕೊನೆಗೆ ಮುನಿಸು ಬಿಟ್ಟು ಬಂದ ಅತ್ತೆ. ಸಾದಾ ಬಸ್ಸಿನಲ್ಲಿ ಹೋದೆವು. ಶಕ್ತಿ ಯೋಜನೆಯಲ್ಲಿ ನನಗೂ ಅತ್ತೆಗೂ ಟಿಕೆಟ್ ಇಲ್ಲ, ಕೊಟ್ಟಿದ್ದು ನಮ್ಮನೆಯವರೊಬ್ಬರಿಗೇ. ರೂಮ್ ದಿನಕ್ಕೆ ಸಾವಿರದ ಎಂಟುನೂರು ಇರಬೇಕು. ಫೋನಿನಲ್ಲಿ ನಾನು ಟಿವಿ, ವೈಫೈ ಕೇಳಲ್ಲ. ಸಂಜೆ ಬಿಸಿನೀರು ಬರುತ್ತಾ, ಮಂಚ ಗೋಡೆಗೆ ಒತ್ತಿ ಹಾಕಬಹುದಾ, ಕೆಳಗೆ ಹಾಸೋಕೆ ಇನ್ನೊಂದು ಹಾಸಿಗೆ ಇದೆಯಾ ಅಂತಷ್ಟೇ. ಸೋಲಾರ್ ಇರೋ ಲಾಡ್ಜಿನಲ್ಲಿ ಎಷ್ಟೋ ಕಡೆ ಬೆಳಿಗ್ಗೆ ಎಂಟರ ಮೇಲೆ ತಣ್ಣೀರೇ. ಧೂಳಾಡಿದ ಮಗುವಿಗೆ ಸಂಜೆ ಸ್ನಾನ ಆಗದಿದ್ದರೆ ರಾತ್ರಿ ನಿದ್ದೆ ಇಲ್ಲ, ಅವಳಿಗೂ ನಮಗೂ.

ನಿಯಮ ಒಂದೇ: ಬೆಳಿಗ್ಗೆ ಒಂದು ಜಾಗ, ಹನ್ನೊಂದೂವರೆಗೆ ರೂಮ್, ನಾಲ್ಕೂವರೆವರೆಗೆ ಬಾಗಿಲು ತೆಗೆಯೋ ಹಾಗಿಲ್ಲ.

ಮೊದಲ ಬೆಳಿಗ್ಗೆ ಕೋಟೆ. ಏಪ್ರಿಲ್‌ನಲ್ಲಿ ದುರ್ಗದ ಬಂಡೆ ಹೇಗೆ ಕಾಯುತ್ತೆ ಅಂತ ಹೇಳಬೇಕಾಗಿಲ್ಲ, ಹತ್ತೂವರೆ ಮೇಲೆ ಬರಿಗಾಲಿಡೋಕಾಗಲ್ಲ. ಏಳು ಸುತ್ತಿನ ಕೋಟೆಯನ್ನ ಪೂರ್ತಿ ನೋಡಿಸ್ತೀನಿ ಅಂತ ಹೊರಡೋರು ಮೇಲಿನ ಹಿಡಿಂಬೇಶ್ವರನ ಗುಡಿ ಮುಟ್ಟೋದ್ರೊಳಗೆ ಮಕ್ಕಳನ್ನ ಹೆಗಲ ಮೇಲೆ ಹೊತ್ತಿರ್ತಾರೆ. ನಾವು ಓಬವ್ವನ ಕಿಂಡಿಗೆ ನಿಲ್ಲಿಸಿದೆವು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದರು, ಓಬವ್ವ ಒನಕೆ ಹಿಡಿದು ಕಾದಿದ್ದಳು ಅಂತ ಅತ್ತೆ ಕಥೆ ಹೇಳಿದ್ದೇ ತಡ, ದೊಡ್ಡವನು ಒಂದು ಒಣ ಕಡ್ಡಿ ಎತ್ತಿಕೊಂಡ. ಅಪ್ಪ ಕಿಂಡಿಯಿಂದ ತಲೆ ಹಾಕಬೇಕು, ಇವನು ಕಡ್ಡಿಯಲ್ಲಿ ಟಪ್ ಅಂತ ಹೊಡೀಬೇಕು, ಅಪ್ಪ ಸಾಯಬೇಕು. ಮತ್ತೆ ತಲೆ, ಮತ್ತೆ ಟಪ್. ಹಿಂದೆ ಬರೋರು ದಾರಿ ಕೇಳಿದಾಗ ಮಾತ್ರ ಯುದ್ಧಕ್ಕೆ ಬಿಡುವು. ಕಡೆಗೆ ಅಪ್ಪನ ಅಂಗಿ ತುಂಬ ಕೆಮ್ಮಣ್ಣು. ಮುಂಚೆ ಆಗಿದ್ದರೆ ಐದೇ ನಿಮಿಷಕ್ಕೆ "ಬಾ ಬಾ, ಇನ್ನೂ ನೋಡೋದಿದೆ" ಅಂತ ಎಳೀತಿದ್ದೆವು, ಅವನು ನೆಲಕ್ಕೆ ಬೀಳ್ತಿದ್ದ. ಒಂದು ಗಂಟೆ ಅಲ್ಲೇ ಕಳೆದೆವು. ಕೈಯಲ್ಲಿ ತಿಂಡಿ ಇಟ್ಟುಕೊಳ್ಳಬೇಡಿ, ಕೋತಿ ಜಾಸ್ತಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಮಾರನೇ ದಿನ ಅವನು ಹಟ ಹಿಡಿದಾಗ ಮತ್ತೆ ಅದೇ ಕಿಂಡಿಗೇ ಹೋದೆವು! ಸಂಜೆಗಳು ಹಗುರ: ಒಂದು ದಿನ ಚಂದ್ರವಳ್ಳಿ ಕೆರೆ ದಂಡೆ, ಇನ್ನೊಂದು ದಿನ ಜೋಗಿಮಟ್ಟಿ ಕಡೆಯ ಆಡುಮಲ್ಲೇಶ್ವರದ ಪುಟ್ಟ ಮೃಗಾಲಯ. ಎಲ್ಲ ಸೇರಿ ಏಳು ಸಾವಿರ ದಾಟಲಿಲ್ಲ, ಆಟೋದವರು ಕೇಳಿದಷ್ಟು ಕೊಟ್ಟೂ.

ಮಧ್ಯಾಹ್ನದ ಆ ಐದು ಗಂಟೆಯೇ ಎಲ್ಲರೂ ಅನುಮಾನ ಪಟ್ಟಿದ್ದು. "ರೂಮಲ್ಲಿ ಮಲಗೋಕೆ ದುರ್ಗಕ್ಕೆ ಹೋಗ್ಬೇಕಾ?" ಹೂಂ, ಹೋಗ್ಬೇಕು. ಮನೆಯಲ್ಲಿ ನಾನು ಮಲಗೋಕೆ ಬಿಡೋರು ಯಾರು? ನಮ್ಮನೆಯವರ ಅಂಗಡಿ ಫೋನುಗಳಿಗೂ ಅದೇ ಹೊತ್ತು, ಬೆಳಿಗ್ಗೆ ಸಂಜೆ ಫೋನ್ ಬ್ಯಾಗಿನಲ್ಲಿ. ಇದರ ಜೊತೆ ಪಾಳಿ ಇಟ್ಟೆವು. ದಿನಕ್ಕೊಂದೂವರೆ ಗಂಟೆ ಅವರಿಗೆ ರಜೆ, ಒಂದೂವರೆ ಗಂಟೆ ನನಗೆ. ಆ ಹೊತ್ತಲ್ಲಿ ಮಗು ಕಿರುಚಿದರೂ ಪಾಳಿಯಲ್ಲಿ ಇಲ್ಲದವರು ತಿರುಗಿ ನೋಡೋ ಹಾಗಿಲ್ಲ. ನನ್ನ ಪಾಳಿ ಮುಗಿದ ಮೇಲೆ ಒಬ್ಬಳೇ ಹೋಗಿ, ಯಾರಿಗೂ ತುತ್ತು ಮುರಿದು ಕೊಡದೆ ಒಂದು ಮಸಾಲೆ ದೋಸೆ ಬಿಸಿಬಿಸಿಯಾಗಿ ತಿಂದೆ. ತಾಯಂದಿರಿಗೆ ಇದರ ಬೆಲೆ ಗೊತ್ತು.

ಅಡುಗೆಯ ಪ್ರಯೋಗಗಳು ಅಷ್ಟು ಚೆನ್ನಾಗಿ ನಡೀಲಿಲ್ಲ. ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಹಾಲು ಕಾಯಿಸಿದರೆ ತಳ ಹಿಡಿದು ವಾಸನೆ ಹೋಗೋದೇ ಇಲ್ಲ. ಒಂದು ಲಾಡ್ಜಿನಲ್ಲಿ ಕೆಟಲ್ ಹಾಕಿದ ಕೂಡಲೇ ಇಡೀ ಮಹಡಿಯ ಕರೆಂಟ್ ಹೋಯ್ತು, ಮ್ಯಾನೇಜರ್ ಮೇಲೆ ಬಂದ. ಈಗ ಬರೀ ನೀರು ಕಾಯಿಸ್ತೀನಿ. ರಾಗಿ ಹುರಿಹಿಟ್ಟು, ತೆಳು ಅವಲಕ್ಕಿ, ಚಿಕ್ಕ ಡಬ್ಬಿ ತುಪ್ಪ, ಚಟ್ನಿಪುಡಿ ಇದ್ದರೆ ಹೋಟೆಲ್ ಊಟ ಬೇಡ ಅಂದ ಮಗು ಉಪವಾಸ ಬೀಳಲ್ಲ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಅಂದರೆ ಒಂದು ಲೀಟರ್ ನೀರಿಗೆ ಪೂರ್ತಿ ಒಂದು. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸೋ ಅಭ್ಯಾಸ ಬೇಡ. ಕಲಸಿದ್ದು ಒಂದು ದಿನ ದಾಟಿದರೆ ಚೆಲ್ಲಿ.

ಇನ್ನೊಂದು ಪ್ರಯೋಗ ವಾಂತಿಯದು. ಹೊಟ್ಟೆಗೆ ಪೇಪರ್ ಕಟ್ಟಿದೆ, ನಿಂಬೆಹಣ್ಣು ಮೂಸಿಸಿದೆ, ಶುಂಠಿ ಪೆಪ್ಪರ್‌ಮೆಂಟ್ ಕೊಟ್ಟೆ. ನಮ್ಮ ಮಕ್ಕಳಿಗೆ ಯಾವುದೂ ನಾಟಲಿಲ್ಲ. ಘಟ್ಟಕ್ಕೆ ಮುಂಚೆ ಹಾಲು ನಿಲ್ಲಿಸಿದ್ದು, ಮೊಬೈಲ್ ಕಿತ್ತುಕೊಂಡಿದ್ದು, ನಿದ್ದೆಯ ಹೊತ್ತಿಗೆ ಘಟ್ಟ ಬರೋ ಹಾಗೆ ಹೊರಟಿದ್ದು, ಈ ಮೂರೇ ಕೆಲಸ ಮಾಡಿದವು.

ಇದನ್ನೆಲ್ಲ ಸೇರಿಸಿ ಮರುವರ್ಷ ಸಮುದ್ರಕ್ಕೆ ಹೋದೆವು. ದಾವಣಗೆರೆಯಿಂದ ಮುರುಡೇಶ್ವರ ಇನ್ನೂರೈವತ್ತು ಕಿಲೋಮೀಟರ್ ಮೇಲೇ ಆಗುತ್ತೆ, ಒಂದೇ ಓಟಕ್ಕೆ ಹೋಗಲಿಲ್ಲ. ಶಿವಮೊಗ್ಗಕ್ಕೆ ಬಸ್, ಅಲ್ಲಿ ರಾತ್ರಿ. ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆ ಸ್ನಾನ, ಅವತ್ತಿಗೆ ಅಷ್ಟೇ. ಮಾರನೇ ದಿನ ಡ್ರಾಪ್ ಕಾರು, ಖಾಲಿ ವಾಪಸ್ ಹೋಗೋದೂ ಸೇರಿ ಐದು ಸಾವಿರದ ಆಸುಪಾಸು. ಸಾಗರದಲ್ಲಿ ಸ್ವಲ್ಪ ಮೊಸರನ್ನ, ಗೇರುಸೊಪ್ಪೆ ಘಟ್ಟದಲ್ಲಿ ಇಬ್ಬರೂ ಗಾಢ ನಿದ್ದೆ. ಜೋಗದ ಪಕ್ಕದಲ್ಲೇ ಹೋಗಿ ಜೋಗ ನೋಡಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ನೀರಾದರೂ ಎಲ್ಲಿರುತ್ತೆ? ಮುರುಡೇಶ್ವರದ 123 ಅಡಿ ಶಿವನನ್ನ ಚಿಕ್ಕವಳು ಒಂದು ನಿಮಿಷ ನೋಡಿ, ಮರಳಲ್ಲಿ ಕೂತಳು. ಆರೂವರೆಯಿಂದ ಎಂಟೂವರೆವರೆಗೆ ಮರಳು, ದಂಡೆಯಲ್ಲಿ ಪಾದ ಮುಳುಗೋಷ್ಟೇ ನೀರು, ಇಬ್ಬರಿಗೆ ಇಬ್ಬರು ಕೈ ಹಿಡಿದು. ಬಿಸಿಲೇರೋ ಮುಂಚೆ ರೂಮ್. ನೀರಿಂದ ಮೇಲೆ ಬಾ ಅಂದರೆ ಬೇರೆ ಮಕ್ಕಳೆಲ್ಲ ಕಿರುಚೋವಾಗ ನಮ್ಮವನು ತಾನಾಗಿ ಎದ್ದು ಬರ್ತಾನೆ. ಅದಕ್ಕೆ ನಾನು ಕಿವಿಯಲ್ಲಿ ಏನು ಹೇಳ್ತೀನಿ ಅಂತ ಇಲ್ಲಿ ಬರೆಯಲ್ಲ, ಅವನಿಗೆ ಓದೋಕೆ ಬರ್ತಿದೆ. ಲಾಡ್ಜ್ ಹೆಸರೂ ಹೇಳಲ್ಲ, ಆಮೇಲೆ ನಮಗೇ ರೂಮ್ ಸಿಗಲ್ಲ. ನಾಲ್ಕೈದು ದಿನಕ್ಕೆ ಹದಿನೆಂಟು ಸಾವಿರ ಆಗಿರಬಹುದು. ಮೊದಲಿನ ಆ ಮೂರು ದಿನಕ್ಕಿಂತ ಕಮ್ಮಿಯೇ.

ಮಧ್ಯೆ ಒಂದು ಸಲ ಅತ್ತೆಯ ಆಸೆಗೆ ಹಿರಿಯೂರಿನ ವಾಣಿವಿಲಾಸ ಸಾಗರ. 1933ರ ನಂತರ 2022ರಲ್ಲಿ ಕೋಡಿ ಬಿದ್ದ ಆ ಡ್ಯಾಮು 2025ರ ಜನವರಿಯಲ್ಲಿ ಮತ್ತೆ ತುಂಬಿದಾಗ ಹೋದೆವು. ಅವತ್ತು ಊರಿಗೆ ಊರೇ ಅಲ್ಲಿತ್ತು. ಇಂಥ ದಿನಕ್ಕೆ ನನ್ನ ವಿಧಾನ ನಡೆಯಲ್ಲ. ಮಕ್ಕಳನ್ನ ಮನೆಯಲ್ಲಿ ಬಿಟ್ಟು ಹೋಗಬೇಕು.

ಈಗ ಮೈಸೂರಿನ ತಯಾರಿ. ವಿಶ್ವಮಾನವ ಎಕ್ಸ್‌ಪ್ರೆಸ್‌ನಲ್ಲಿ ಹಗಲು ಪ್ರಯಾಣ. ದೊಡ್ಡವನಿಗೆ ಐದು ದಾಟಿರೋದ್ರಿಂದ ಸೀಟು ಬೇಕಂದರೆ ಪೂರ್ತಿ ಚಾರ್ಜ್, ಕೊಡ್ತೀವಿ. ತೊಡೆ ಮೇಲೆ ಕೂರಿಸಿಕೊಂಡು ಅಷ್ಟು ದೂರ ಆಗಲ್ಲ. ಮಂಗಳವಾರ ಝೂ ರಜೆ, ಅವತ್ತು ತಲುಪಿ ಮಲಗೋದು. ಬುಧವಾರ ಬಾಗಿಲು ತೆಗೆಯೋ ಹೊತ್ತಿಗೆ ಝೂ, ಆನೆ ಜಿರಾಫೆ ನೋಡಿ ಅರ್ಧಕ್ಕೇ ವಾಪಸ್. ಅರಮನೆ ಒಳಗೆ ಹೋಗಲ್ಲ. ಭಾನುವಾರದವರೆಗೆ ಉಳಿದು ದೀಪ ಹಾಕಿದಾಗ ಹೊರಗಿಂದ ನೋಡೋಣ ಅಂತಿದ್ದಾರೆ ನಮ್ಮನೆಯವರು. ಅಷ್ಟು ದಿನ ಅಂಗಡಿಗೆ ಯಾರು ಕೂರ್ತಾರೆ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.