ಸೋತ ತಂಡಕ್ಕೂ ಮುಂದಿನ ಭಾನುವಾರ ಪಂದ್ಯ: ಮಕ್ಕಳ ಲೀಗ್ ನಡೆಸಿದ ನನ್ನ ಅನುಭವ

ಆಸ್ಟಿನ್ ಟೌನ್, ಗೌತಮಪುರಗಳಂಥ ಫುಟ್ಬಾಲ್‌ಗೆ ಹೆಸರಾದ ಬಡಾವಣೆಗಳಿರುವ ಬೆಂಗಳೂರಿಗೆ ಈ ಆಟ ಹೊಸದೇನಲ್ಲ. ಆದರೆ 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದ ಮೈಸೂರು ರಾಜ್ಯ, ಕರ್ನಾಟಕವೆಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಿಹಿಡಿದದ್ದು 2022-23ರಲ್ಲಿ, 54 ವರ್ಷಗಳ ಬಳಿಕ. ಈ ಅಂತರಕ್ಕೆ ಕಾರಣಗಳು ಹಲವಿದ್ದರೂ, ಚಿಕ್ಕ ಮಕ್ಕಳಿಗೆ ಆಡಲು ಸಾಕಷ್ಟು ಪಂದ್ಯಗಳೇ ಇರಲಿಲ್ಲ ಎಂಬುದು ತರಬೇತುದಾರನಾಗಿ ನನಗೆ ಎದ್ದು ಕಂಡ ಕಾರಣ. 1960ರಲ್ಲಿ ಆರಂಭವಾದ ಸುಬ್ರತೋ ಕಪ್ ದೇಶದ ಶಾಲೆಗಳಿಗೆ ದೊಡ್ಡ ವೇದಿಕೆ ಒದಗಿಸಿತು, ನಿಜ. ಆದರೆ ಅದಕ್ಕೆ ತಂಡಗಳನ್ನು ಆರಿಸುವ ಕೆಳಹಂತದ ಪಂದ್ಯಗಳು ಹೆಚ್ಚಾಗಿ ನಾಕೌಟ್, ಅಂದರೆ ಒಮ್ಮೆ ಸೋತರೆ ಹೊರಬೀಳುವಂಥವು ಆಗಿರುತ್ತಿದ್ದುದರಿಂದ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ತಂಡವೊಂದು ಒಂದೇ ಬೆಳಿಗ್ಗೆ ಸೋತು ಬಸ್ಸು ಹತ್ತಿಬಿಡುತ್ತಿತ್ತು.

2017ರ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದ ಮೇಲೆ ಪೋಷಕರ ಆಸಕ್ತಿ ಹೆಚ್ಚಿತು. ಮರುವರ್ಷ ಅಖಿಲ ಭಾರತ ಫುಟ್ಬಾಲ್ ಒಕ್ಕೂಟದಿಂದ ಚಿಕ್ಕ ಮಕ್ಕಳಿಗೆ ನಿಯಮಿತ ಪಂದ್ಯ ಒದಗಿಸುವ ಬೇಬಿ ಲೀಗ್ ಯೋಜನೆಯೂ ಬಂತು. ಅದೇ ಮಾದರಿಯಲ್ಲಿ ನಮ್ಮ ಬಡಾವಣೆಯ ಸುತ್ತಲಿನ ಮಕ್ಕಳನ್ನು ಸೇರಿಸಿ ಭಾನುವಾರದ ಲೀಗ್ ಶುರುಮಾಡಿದೆ. ಸೋಲಲಿ ಗೆಲ್ಲಲಿ, ಎಲ್ಲ ತಂಡಗಳಿಗೂ ಮುಂದಿನ ವಾರ ಪಂದ್ಯವಿರಬೇಕು ಎಂಬುದೊಂದನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಲಿಲ್ಲ.

ಮೈದಾನದ ಕೆಲಸವೇ ಹೆಚ್ಚು ಸಮಯ ಹಿಡಿಯುತ್ತಿತ್ತು. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರೆದುರು ಎಂಟು ವರ್ಷದ ಹುಡುಗಿಯನ್ನು ನಿಲ್ಲಿಸಿದರೆ ಅವಳು ತಲೆಯ ಮೇಲೆ ಹೋಗುವ ಚೆಂಡನ್ನು ನೋಡುತ್ತ ನಿಲ್ಲುವುದನ್ನಷ್ಟೇ ಕಲಿಯುತ್ತಾಳೆ. ಹಾಗಾಗಿ ಬೆಳಗಿನ ಇಬ್ಬನಿ ಆರುವ ಮೊದಲೇ ದಾರ ಹಿಡಿದು ಸುಣ್ಣದ ಗೆರೆ ಎಳೆದು, ಒಂದೇ ಮೈದಾನವನ್ನು ಅಡ್ಡಡ್ಡವಾಗಿ ಸಣ್ಣ ಅಂಕಣಗಳಾಗಿ ವಿಂಗಡಿಸುತ್ತಿದ್ದೆವು. ಪುಟ್ಟವರಿಗೆ ತಂಡಕ್ಕೆ ಐವರು, ಅವರಿಗಿಂತ ದೊಡ್ಡವರಿಗೆ ಏಳು ಮಂದಿ. ಚೆಂಡೂ ಮೂರು ಅಥವಾ ನಾಲ್ಕನೇ ಸೈಜಿನದು, ಏಕೆಂದರೆ 410ರಿಂದ 450 ಗ್ರಾಂ ತೂಗುವ, ದೊಡ್ಡವರಾಡುವ ಐದನೇ ಸೈಜಿನ ಚೆಂಡನ್ನು ಮಕ್ಕಳು ಒದೆಯುವುದಕ್ಕಿಂತ ತಳ್ಳುವುದೇ ಜಾಸ್ತಿ. ಆಟಗಾರರು ಕಡಿಮೆಯಾದಷ್ಟೂ ಒಬ್ಬೊಬ್ಬರ ಕಾಲಿಗೆ ಚೆಂಡು ಹೆಚ್ಚು ಸಲ ಸಿಗುತ್ತದೆ, ಅಂಚಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಮಗುವೂ ಆಟದೊಳಕ್ಕೆ ಬರುತ್ತದೆ. ಹುಡುಗ ಹುಡುಗಿಯರನ್ನು ಒಂದೇ ತಂಡದಲ್ಲಿ ಆಡಿಸಿದ್ದಕ್ಕೆ ಮೊದಮೊದಲು ಮುಖ ಸಿಂಡರಿಸಿದವರು ಪೋಷಕರೇ ಹೊರತು ಮಕ್ಕಳಲ್ಲ.

ವಯಸ್ಸಿನ ತಕರಾರು ಯಾವ ಮಕ್ಕಳ ಟೂರ್ನಿಯನ್ನೂ ಬಿಟ್ಟಿಲ್ಲ. ಜನನ ಪ್ರಮಾಣಪತ್ರ ಪರಿಶೀಲಿಸದೆ ಯಾರನ್ನೂ ನೋಂದಾಯಿಸಲಿಲ್ಲ. ತೀರ ಚಿಕ್ಕವರ ವಿಭಾಗದಲ್ಲಿ ಅಂಕಪಟ್ಟಿಯನ್ನೇ ಪ್ರಕಟಿಸದೆ ಹೋದದ್ದರಿಂದ ವಯಸ್ಸು ಮರೆಮಾಚುವ ಆಸೆಯೂ ಅಲ್ಲಿ ತಾನಾಗಿಯೇ ಇಳಿಯಿತು. ಅಂಕಣದ ಪಕ್ಕದಿಂದ "ಶೂಟ್ ಮಾಡೋ!" ಎಂದು ಕಿರುಚುವ ಅಪ್ಪಂದಿರಿಗಾಗಿ ಗೆರೆಯಿಂದ ಆಚೆ ಹಗ್ಗ ಕಟ್ಟಿಸಿದೆ. ಹೆಚ್ಚು ಕಿರುಚುವವರ ಕೈಗೆ ಮರುವಾರ ರೆಫರಿಯ ಸೀಟಿ ಕೊಡುವ ಪದ್ಧತಿಯನ್ನೂ ತಂದೆ, ಅದು ಹಗ್ಗಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.