ರಹೀಂ ಸಾಹೇಬರ ಎಡಗಾಲಿನ ಪಾಠ: ನನ್ನ ಅನುಭವ

ಕಳೆದ ನವೆಂಬರ್‌ನಲ್ಲಿ ನಮ್ಮ ಹೈಸ್ಕೂಲ್ ಹುಡುಗರು ರಾಯಚೂರು ಜಿಲ್ಲಾ ಫುಟ್‌ಬಾಲ್ ಫೈನಲ್ ಗೆದ್ದರು. 2–1. ಎರಡೂ ಗೋಲು ಎಡಗಾಲಿನವು. ಹೊಡೆದ ಇಬ್ಬರೂ ಬಲಗಾಲಿನ ಆಟಗಾರರು. "ಎಡಗಾಲಿಲೆ ಆಡಿದ್ರ ಗೋಲು ಬೀಳ್ತಾವೇನ್ರೀ ಮಾಸ್ತರ?" ಅಂತ ಮೂರು ವರ್ಷ ಕೇಳಿದವರೂ ಅಲ್ಲೇ ನಿಂತು ನೋಡಿದರು.

ಈ ಎಡಗಾಲಿನ ದಾರಿ ನಾನು ಕಂಡುಹಿಡಿದದ್ದಲ್ಲ. ಹೈದರಾಬಾದಿನ ಫುಟ್‌ಬಾಲ್ ಕೋಚ್ ಸೈಯದ್ ಅಬ್ದುಲ್ ರಹೀಂ ಅವರದು. ಅವರೂ ಶಾಲಾ ಮಾಸ್ತರರೇ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈನ ರೋವರ್ಸ್ ಕಪ್ ಟೂರ್ನಿ ಗೆದ್ದದ್ದು ಅವರ ಕೈಯಲ್ಲಿ. ಆಗ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಅಲ್ವಾ? ಹಾಗಾಗಿ ನಮ್ಮವರು ಅನ್ನುವ ಅಭಿಮಾನ ನನಗೆ. ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಅವರ ಕಾಲದ್ದೇ.

ಅವರು ಹುಡುಗರಿಗೆ, ಆಡಿ ರೂಢಿಯಿಲ್ಲದ ಕಾಲಿನಲ್ಲೇ ಆಡುವ ಪಂದ್ಯ ಇಡುತ್ತಿದ್ದರು. ಡ್ರಿಬಲ್, ಅಂದರೆ ಬಾಲನ್ನು ಕಾಲಲ್ಲೇ ತಟ್ಟುತ್ತಾ ಒಯ್ಯುವುದು, ಮಾಡಬಾರದು ಅನ್ನುವ ಪಂದ್ಯ ಬೇರೆ. ಮೊದಲ ವರ್ಷ ನಾನು ಎರಡನ್ನೂ ಒಟ್ಟಿಗೆ ತಂದೆ. ಅದೇ ತಪ್ಪಾಯಿತು. ಬಾಲ್ ಬಂದರೆ ಹುಡುಗರು ಯಾವ ಕಾಲು ಅಂತ ಯೋಚಿಸುತ್ತಾ ನಿಲ್ಲೋರು. ತಾಲ್ಲೂಕು ಮಟ್ಟದಲ್ಲೇ 6–0 ಸೋತೆವು. ಇಬ್ಬರು ಪಾಲಕರು ಮಕ್ಕಳನ್ನು ಕಬಡ್ಡಿಗೆ ಹಾಕಿದರು.

ದುಡ್ಡೂ ಹೋಯಿತು. ಮೈದಾನದ ಅಂಚಿಗೆಲ್ಲ ಬಳ್ಳಾರಿ ಜಾಲಿ. ಒಂದೇ ಸೀಸನ್‌ನಲ್ಲಿ ಏಳೋ ಎಂಟೋ ಬಾಲ್ ಪಂಕ್ಚರ್. ಒಂದಕ್ಕೆ ಸುಮಾರು 600 ರೂಪಾಯಿ. ಆಮೇಲೆ ಕೈ ಹೊಲಿಗೆಯ ಬಾಲೇ ತಂದೆ. ಹೊಲಿಗೆ ಬಿಚ್ಚಿ ಒಳಗಿನ ಗಾಳಿ ಚೀಲ (ಬ್ಲಾಡರ್) ಬದಲಾಯಿಸಬಹುದು. ಜಾಲಿ ಕೀಳಿಸಲು ಮೂರು ತಾಸು ಜೆಸಿಬಿ, 3,500 ಹತ್ತಿರ. ಮೂರು ವರ್ಷಕ್ಕೆ ಕೈಯಿಂದ 20 ಸಾವಿರ ದಾಟಿರಬೇಕು.

ಎರಡನೇ ವರ್ಷ ಮೊದಲ ತಿಂಗಳು ಪಂದ್ಯವೇ ಇಲ್ಲ. ಶಾಲೆಯ ಹಿಂದಿನ ಗೋಡೆಗೆ ಇದ್ದಿಲಲ್ಲಿ ಗುರುತು ಹಾಕಿ, ದಿನಾ ಎಡಗಾಲಿನಲ್ಲಿ ನೂರು ಹೊಡೆತ. ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮುಂಚೆ. ಆಮೇಲೆ ಐದೈದು ಜನರ ಆಟ. ಬಲಗಾಲಿಗೆ ಕೆಂಪು ರಿಬ್ಬನ್, ಅದು ಬಾಲ್‌ಗೆ ತಾಗಿದರೆ ಫೌಲ್. ಎಡಚ ಹುಡುಗನೊಬ್ಬನಿದ್ದ, ಅವನಿಗೆ ಉಲ್ಟಾ. ಇಪ್ಪತ್ತೇ ನಿಮಿಷ, ಜಾಸ್ತಿ ಆಡಿಸಿದರೆ ಬೇಸರ ಬರುತ್ತದೆ. ಡ್ರಿಬಲ್ ಇಲ್ಲದ ಆಟವನ್ನು ಯಾವಾಗ, ಹೇಗೆ ಸೇರಿಸಿದೆ ಅನ್ನೋದನ್ನು ಸದ್ಯ ಹೇಳಲ್ಲ. ಮುಂದಿನ ವರ್ಷವೂ ಟೂರ್ನಿ ಇದೆ.

ನಡುವೆ ಕೃಷ್ಣಾ ನದಿಯ ಮರಳಲ್ಲಿ ಬರಿಗಾಲಲ್ಲಿ ಓಡಿಸಿ ನೋಡಿದೆ. ಮೂವರ ಕಾಲು ಉಳುಕಿತು. ಬಿಟ್ಟೆ.

ಇನ್ನೊಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ, ಹಿಂದೆ ನಿಂತು ಗೋಲು ತಡೆಯುವ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಹೊಲಿಗೆ ಬಿದ್ದಿತ್ತು. ರಹೀಂ ಸಾಹೇಬರು ಜರ್ನೈಲ್ ಅವರನ್ನೇ ಮುಂದೆ ಗೋಲು ಹೊಡೆಯುವ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲೂ ಗೋಲು, ದಕ್ಷಿಣ ಕೊರಿಯಾ ಮೇಲಿನ ಫೈನಲ್‌ನಲ್ಲೂ ಗೋಲು. ರಹೀಂ ಅವರಿಗೆ ಕ್ಯಾನ್ಸರ್ ಇತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಇದನ್ನು ಹುಡುಗರಿಗೆ ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ನಾನೂ ಹಾಗೇ ಮಾಡಿ ನೋಡಿದೆ. ನಮ್ಮ ಸ್ಟಾಪರ್ (ನಡುವಿನ ಡಿಫೆಂಡರ್) ಹುಡುಗನನ್ನು ಮುಂದೆ ಆಡಿಸಿದರೆ ಹಿಂದೆ ಬಾಗಿಲು ತೆರೆದಂತಾಗುತ್ತಿತ್ತು. ಅದಕ್ಕೆ ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಬಿಡುತ್ತಿದ್ದೆ. ಫೈನಲ್ 1–1 ಇದ್ದಾಗ ಕೂಗಿ ಮುಂದೆ ಕಳಿಸಿದೆ. ಬಾಲ್ ಅವನ ಎಡಕ್ಕೇ ಬಂತು. ಕಾಲು ಬದಲಾಯಿಸಲಿಲ್ಲ, ಹಾಗೇ ಹೊಡೆದ.

ಜೂನ್‌ಗೆ ಆರು ಬಾಲ್ ಬೇಕು. ಕೈ ಹೊಲಿಗೆಯವು 600ಕ್ಕಿಂತ ಕಡಿಮೆಗೆ ಎಲ್ಲಿ ಸಿಗುತ್ತವೆ ಅಂತ ಗೊತ್ತಿದ್ದವರು ತಿಳಿಸಿ.