ರಾಯಚೂರಿನಲ್ಲಿ ಕುಳಿತು ಹೈದರಾಬಾದ್ ತೂಫಾನ್ಸ್‌ನ ಸೀಸನ್ ಪೂರ್ತಿ ನೋಡುವುದು ಹೇಗೆ

ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕದ ಹೆಸರಿನ ತಂಡವಿಲ್ಲ. ಕೊಡಗಿನಿಂದ ಸಾಲುಸಾಲಾಗಿ ಆಟಗಾರರನ್ನು ದೇಶಕ್ಕೆ ಕೊಟ್ಟ ರಾಜ್ಯಕ್ಕೆ ಇದು ದೊಡ್ಡ ಕೊರತೆ. ರಾಯಚೂರು ಸೀಮೆಯವರಿಗೆ ಹೈದರಾಬಾದ್ ತೂಫಾನ್ಸ್ ಇದೆ ಎನ್ನುವುದಷ್ಟೇ ಸಮಾಧಾನ. ದವಾಖಾನೆಗೂ ಮದುವೆ ಜವಳಿಗೂ ಹೈದರಾಬಾದಿನ ದಾರಿ ಹಿಡಿಯುವ ಊರಿಗೆ ಅದು ಹೊರಗಿನ ತಂಡ ಅನಿಸುವುದಿಲ್ಲ. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಾಲ್ ಟೈಗರ್ಸ್ ಎದುರು 4-3ರಿಂದ ಸೋತ ತಂಡ ಇದೇ.

ಈ ಲೀಗ್ ಐಪಿಎಲ್‌ನಂತೆ ಎರಡು ತಿಂಗಳು ಎಳೆಯುವುದಿಲ್ಲ. ಪುರುಷರ ಲೀಗ್ 2024-25ರಲ್ಲಿ ಡಿಸೆಂಬರ್ 28ರಿಂದ ಫೆಬ್ರವರಿ 1ರವರೆಗೆ ನಡೆದಿತ್ತು. ಮರುವರ್ಷ ಜನವರಿ 3ರಿಂದ 26ರೊಳಗೆ ಮುಗಿಯಿತು. ನಿಮ್ಮ ತಂಡದ ಪಂದ್ಯಗಳು ಬೆರಳೆಣಿಕೆಯಷ್ಟು. ಡಿಶ್ ಸರಿಮಾಡಿಸುವಷ್ಟರಲ್ಲಿ ಎರಡು ಆಟ ತಪ್ಪಿದರೆ ಸೀಸನ್‌ನ ಕಾಲುಭಾಗವೇ ಹೋಯಿತು. ಹಾಗಾಗಿ ಇಲ್ಲಿನ ಕೆಲಸವನ್ನೆಲ್ಲ ಡಿಸೆಂಬರ್ ಎರಡನೇ ವಾರದೊಳಗೆ ಮುಗಿಸಿಕೊಳ್ಳಿ.

ವೇಳಾಪಟ್ಟಿಯನ್ನು ನೀವೇ ಬರೆದುಕೊಳ್ಳಿ

ವಾಟ್ಸಾಪಿನಲ್ಲಿ ಬರುವ ವೇಳಾಪಟ್ಟಿಯ ಚಿತ್ರವನ್ನು ನೇರವಾಗಿ ನಂಬಬೇಡಿ. ಹೋದ ವರ್ಷದ್ದೇ ಮತ್ತೆ ಸುತ್ತುತ್ತಿರುತ್ತದೆ. ಅದನ್ನು ಕಂಡುಹಿಡಿಯಲು ತಂಡಗಳ ಹೆಸರು ನೋಡಿದರೆ ಸಾಕು. ಯುಪಿ ರುದ್ರಾಸ್, ಟೀಮ್ ಗೋನಾಸಿಕಾ ಹೆಸರಿದ್ದರೆ ಅದು 2024-25ರ ಪಟ್ಟಿ. ಮರುವರ್ಷ ಆ ಎರಡೂ ಹೆಸರು ಇರಲಿಲ್ಲ, ರಾಂಚಿ ರಾಯಲ್ಸ್ ಹೊಸದಾಗಿ ಬಂದಿತ್ತು. ಲೀಗ್‌ನ ಅಧಿಕೃತ ಜಾಲತಾಣ ಅಥವಾ ತಂಡದ ಅಧಿಕೃತ ಖಾತೆಯಲ್ಲಿ ಬಂದದ್ದನ್ನು ಮಾತ್ರ ಹಾಳೆಗೆ ಇಳಿಸಿ.

ಇನ್ನೊಂದು ಗೊಂದಲವೂ ಇದೆ. ಮಹಿಳೆಯರ ಲೀಗ್ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಡೆಯುತ್ತದೆ. ಸೂರ್ಮಾ, ಎಸ್‌ಜಿ ಪೈಪರ್ಸ್, ಬೆಂಗಾಲ್ ಟೈಗರ್ಸ್ ಈ ಮೂರಕ್ಕೂ ಎರಡೂ ಕಡೆ ತಂಡಗಳಿದ್ದವು. 2025ರ ಜನವರಿಯಲ್ಲಿ ಒಂದೇ ವಾರದಲ್ಲಿ ಸೂರ್ಮಾ ಪುರುಷರು ರೂರ್ಕೆಲಾದಲ್ಲಿ, ಸೂರ್ಮಾ ಮಹಿಳೆಯರು ರಾಂಚಿಯಲ್ಲಿ ಆಡುತ್ತಿದ್ದರು. ಹೆಸರು ನೋಡಿ ಗುರುತು ಹಾಕಿಕೊಂಡವರು ಬೇರೆಯೇ ಪಂದ್ಯಕ್ಕೆ ಟಿವಿ ಹಚ್ಚಿ ಕುಳಿತಿರುತ್ತಾರೆ. ತೂಫಾನ್ಸ್‌ಗೆ ಆ ಎರಡೂ ಸೀಸನ್‌ನಲ್ಲಿ ಪುರುಷರ ತಂಡ ಮಾತ್ರ ಇದ್ದದ್ದರಿಂದ ನಿಮ್ಮ ಪಂದ್ಯದ ವಿಷಯದಲ್ಲಿ ಈ ಗೊಂದಲವಾಗದು. ಎದುರಾಳಿಗಳ ಫಲಿತಾಂಶ ಬರೆದುಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಮಹಿಳೆಯರ ಲೀಗನ್ನೂ ನೋಡಿ, ಆಟ ಬಹಳ ಚೆನ್ನಾಗಿರುತ್ತದೆ. ಹಾಳೆ ಮಾತ್ರ ಬೇರೆ ಇರಲಿ.

ಹಾಳೆಯಲ್ಲಿ ಆರು ಕಾಲಂ ಸಾಕು: ದಿನಾಂಕ ಮತ್ತು ವಾರ, ಶುರುವಾಗುವ ಹೊತ್ತು, ಎದುರಾಳಿ, ಊರು, ವಾಹಿನಿ, ಫಲಿತಾಂಶ. ಎಂಟು ತಂಡಗಳು ಪರಸ್ಪರ ಒಂದೊಂದು ಸಲ ಆಡಿದರೆ ಒಟ್ಟು 28 ಪಂದ್ಯ, ನಿಮ್ಮ ತಂಡದ ಪಾಲಿಗೆ 7. 2024-25ರಲ್ಲಿ ಇಷ್ಟಕ್ಕೇ ನಿಲ್ಲಲಿಲ್ಲ. ಎರಡನೇ ಹಂತದಲ್ಲಿ ನಾಲ್ಕು ನಾಲ್ಕು ತಂಡಗಳ ಎರಡು ಗುಂಪು ಮಾಡಿದ್ದರಿಂದ ಪ್ರತಿ ತಂಡಕ್ಕೆ ಇನ್ನೂ 3 ಪಂದ್ಯ ಸೇರಿ 10 ಆದವು. ಆದ್ದರಿಂದ ಲೀಗ್ ಪಂದ್ಯಗಳ ಕೆಳಗೆ ಐದಾರು ಸಾಲು ಖಾಲಿ ಬಿಡಿ. ಮುಂದಿನ ಹಂತದ ಎದುರಾಳಿ ಯಾರೆಂದು ಅಂಕಪಟ್ಟಿ ನೋಡಿಯೇ ತಿಳಿಯಬೇಕು.

ಎರಡು ಪಂದ್ಯಗಳ ನಡುವೆ ಎಷ್ಟು ದಿನ ಬಿಡುವಿದೆ ಎಂಬುದನ್ನು ಅಂಚಿನಲ್ಲಿ ಬರೆದಿಡಿ. ಒಂದೇ ದಿನದ ಅಂತರದಲ್ಲಿ ಎರಡು ಪಂದ್ಯ, ಮಧ್ಯೆ ಚೆನ್ನೈನಿಂದ ರಾಂಚಿಗೆ ವಿಮಾನ ಪ್ರಯಾಣ ಅಂದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾಲು ಸೋಲುತ್ತವೆ. 2024-25ರಲ್ಲಿ ಪುರುಷರ ಹೆಚ್ಚಿನ ಪಂದ್ಯಗಳು ರೂರ್ಕೆಲಾದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲೇ ನಡೆದಿದ್ದರಿಂದ ಈ ಲೆಕ್ಕ ಅಷ್ಟಾಗಿ ಬೇಕಿರಲಿಲ್ಲ. 2026ರಲ್ಲಿ ಚೆನ್ನೈ, ರಾಂಚಿ, ಭುವನೇಶ್ವರ ಎಂದು ಮೂರು ಊರಾದ ಮೇಲೆ ಬೇಕಾಯಿತು.

ಅಂಕದ ಲೆಕ್ಕ ತಿಳಿದಿರಲಿ: ಗೆದ್ದರೆ 3 ಅಂಕ. ಲೀಗ್ ಹಂತದಲ್ಲೂ ಸಮವಾದ ಪಂದ್ಯ ಶೂಟೌಟ್‌ಗೆ ಹೋಗುತ್ತದೆ. ಅಲ್ಲಿ ಗೆದ್ದವರಿಗೆ 2, ಸೋತವರಿಗೆ 1. ಫಲಿತಾಂಶದ ಕಾಲಂನಲ್ಲಿ ಶೂಟೌಟ್ ಗೆಲುವಿಗೆ 3 ಅಂಕ ಬರೆದುಬಿಟ್ಟರೆ ಕೊನೆಯ ವಾರದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಎಷ್ಟು ಹೊತ್ತು ಬಿಡುವು ಮಾಡಿಕೊಳ್ಳಬೇಕು

ಆಟ 15 ನಿಮಿಷದ ನಾಲ್ಕು ಕ್ವಾರ್ಟರ್. ನಡುವೆ ಎರಡು ಸಣ್ಣ ವಿರಾಮ, ಅರ್ಧಕ್ಕೆ ಒಂದು ದೊಡ್ಡ ವಿರಾಮ. ಗಡಿಯಾರ ಅಲ್ಲಲ್ಲಿ ನಿಲ್ಲುತ್ತದೆ. ಪೆನಾಲ್ಟಿ ಕಾರ್ನರ್ ಕೊಟ್ಟಾಗ 40 ಸೆಕೆಂಡ್, ವಿಡಿಯೊ ಪರಿಶೀಲನೆಗೆ ಹೋದರೆ ಇನ್ನೂ ಹೆಚ್ಚು. ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯುತ್ತದೆ. ಶೂಟೌಟ್ ಬಂದರೆ ಕಾಲು ಗಂಟೆ ಜಾಸ್ತಿ. ಪೆನ್ ಡ್ರೈವ್‌ಗೆ ರೆಕಾರ್ಡ್ ಹಾಕುವವರು ಶುರುವಿಗೆ 10 ನಿಮಿಷ ಮೊದಲೇ ಹಚ್ಚಿ, ಎರಡೂಕಾಲು ಗಂಟೆಗೆ ನಿಲ್ಲುವಂತೆ ಇಡಿ. ಎರಡೇ ಗಂಟೆಗೆ ಇಟ್ಟು ಶೂಟೌಟ್‌ನ ಕೊನೆಯ ಎರಡು ಯತ್ನ ಕಳೆದುಕೊಂಡವರಿದ್ದಾರೆ. ಸಂಜೆ ಎರಡು ಪಂದ್ಯಗಳಿದ್ದು ನಿಮ್ಮದು ಎರಡನೆಯದಾಗಿದ್ದರೆ ಮೊದಲಿನದು ತಡವಾದಷ್ಟು ನಿಮ್ಮದೂ ಮುಂದೆ ಹೋಗುತ್ತದೆ. ಆಗ ಅರ್ಧ ಗಂಟೆ ಹೆಚ್ಚಿಗೆ ಇಡಿ.

ಡಿಡಿ ಸ್ಪೋರ್ಟ್ಸ್ ಬರುತ್ತದೆಯೇ?

2024-25ರ ಸೀಸನ್ ಡಿಡಿ ಸ್ಪೋರ್ಟ್ಸ್ ಜೊತೆಗೆ ಸೋನಿಯ ಕ್ರೀಡಾ ವಾಹಿನಿಗಳಲ್ಲೂ ಬಂದಿತ್ತು. ಮರುವರ್ಷ ಡಿಡಿ ಸ್ಪೋರ್ಟ್ಸ್ ಮತ್ತು ಪ್ರಸಾರ ಭಾರತಿಯ ವೇವ್ಸ್ ಆ್ಯಪ್‌ನಲ್ಲಿ ಬಂತು. ಪ್ರಸಾರದ ಹಕ್ಕು ವರ್ಷದಿಂದ ವರ್ಷಕ್ಕೆ ಕೈ ಬದಲಾಗುವಂಥದ್ದು. ಹೋದ ವರ್ಷದ ವಾಹಿನಿಗೆ ಈ ಸಲವೂ ದುಡ್ಡು ಕಟ್ಟಿ ಕೂರಬೇಡಿ. ಈ ಸಲದ ವೇಳಾಪಟ್ಟಿಯ ಜೊತೆ ಹೊರಬೀಳುವ ವಾಹಿನಿಗಳ ಪಟ್ಟಿ ನೋಡಿದ ಮೇಲೆಯೇ ರಿಚಾರ್ಜ್ ಮಾಡಿಸಿ. ಎರಡೂ ಸೀಸನ್‌ನಲ್ಲಿ ಕೈಬಿಡದೆ ಬಂದದ್ದು ಡಿಡಿ ಸ್ಪೋರ್ಟ್ಸ್. ಅದಕ್ಕೇ ಅದು ಮನೆಯಲ್ಲಿ ಗಟ್ಟಿಯಾಗಿ ಬರುವಂತೆ ಮಾಡಿಕೊಳ್ಳುವುದು ಮೊದಲ ಕೆಲಸ.

ತಿಂಗಳ ಖರ್ಚಿಲ್ಲದ ದಾರಿ ಡಿಡಿ ಫ್ರೀ ಡಿಶ್. ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆ ಹಳ್ಳಿಗಳ ಮಾಳಿಗೆ ಮೇಲೆ ಹಳೆಯ ಡಿಶ್ ಈಗಲೂ ನಿಂತಿರುತ್ತದೆ, ಗಾಳಿಗೆ ಇಷ್ಟೇ ತಿರುಗಿ ಸಿಗ್ನಲ್ ಹೋಗಿರುತ್ತದೆ. ಅದನ್ನು ಸರಿಮಾಡಲು ಅಳತೆ ಇಲ್ಲಿದೆ. ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15, ಅದು 93.5 ಡಿಗ್ರಿ ಪೂರ್ವದಲ್ಲಿದೆ. ರಾಯಚೂರಿನಿಂದ ನೋಡಿದರೆ ದಿಕ್ಕು ಉತ್ತರದಿಂದ ಬಲಕ್ಕೆ ಸುಮಾರು 134 ಡಿಗ್ರಿ, ಎತ್ತರ ಸುಮಾರು 63 ಡಿಗ್ರಿ. ಬಳ್ಳಾರಿಯಲ್ಲಿ 131 ಮತ್ತು 64, ಕೊಪ್ಪಳದಲ್ಲಿ 130 ಮತ್ತು 63. ಅಂದರೆ ಮೂರೂ ಜಿಲ್ಲೆಗಳಲ್ಲಿ ಹೆಚ್ಚುಕಡಿಮೆ ಆಗ್ನೇಯ, ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆಯ ಮೂಲೆ. ಫೋನಿನ ದಿಕ್ಸೂಚಿ ಹಿಡಿಯುವಾಗ ತಗಡಿನ ಚಾವಣಿ, ಕಬ್ಬಿಣದ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡ್‌ನಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ. ಕಬ್ಬಿಣದ ಹತ್ತಿರ ಅದು ಸುಳ್ಳು ದಿಕ್ಕು ತೋರಿಸುತ್ತದೆ.

ಮನೆಗಳಲ್ಲಿರುವುದು ಆಫ್‌ಸೆಟ್ ಡಿಶ್, ಅಂದರೆ ಸಿಗ್ನಲ್ ಹಿಡಿಯುವ ತೋಳು ನಡುವಿನ ಬದಲು ಕೆಳಗಡೆಯಿಂದ ಬಂದಿರುವಂಥದ್ದು. ಹಾಗಾಗಿ ಅದರ ಮುಖ ನೋಡಿದರೆ 63 ಡಿಗ್ರಿ ಮೇಲಕ್ಕೆ ಎತ್ತಿದಂತೆ ಕಾಣುವುದಿಲ್ಲ, ಅದಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತದೆ. ಕಣ್ಣಳತೆಯಲ್ಲಿ ಆಕಾಶಕ್ಕೆ ಎತ್ತಿಬಿಟ್ಟರೆ ಸಿಗ್ನಲ್ ಸಿಗದು. ಡಿಶ್ ಹಿಂದಿನ ಪಟ್ಟಿಯ ಮೇಲೆ ಡಿಗ್ರಿ ಗುರುತಿದ್ದರೆ ಅದನ್ನೇ ನೋಡಿ. ಕೆಳಗೆ ಒಬ್ಬರು ಟಿವಿ ಮುಂದೆ, ಮೇಲೆ ಒಬ್ಬರು, ಇಬ್ಬರ ಕಿವಿಯಲ್ಲೂ ಫೋನ್ ಇರಲಿ. ಬೋಲ್ಟ್ ಪೂರ್ತಿ ಸಡಿಲ ಮಾಡಬೇಡಿ. ಕೈಯಿಂದ ತಳ್ಳಿದರೆ ಕದಲುವಷ್ಟು ಸಾಕು. ಒಂದು ಸಲಕ್ಕೆ ಅರ್ಧ ಬೆರಳಿನಷ್ಟು ತಿರುಗಿಸಿ, ಮೂರು ಸೆಕೆಂಡ್ ಕಾಯಿರಿ, ಏಕೆಂದರೆ ಬಾಕ್ಸ್ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಬೇಗಬೇಗ ತಿರುಗಿಸುವವರಿಗೆ ಸಿಗ್ನಲ್ ಸಿಗದಿರುವುದು ಇದೇ ಕಾರಣಕ್ಕೆ.

ಬಾಕ್ಸ್‌ನಲ್ಲಿ ಎರಡು ಪಟ್ಟಿ ಬರುತ್ತವೆ, ಸಿಗ್ನಲ್ ಸ್ಟ್ರೆಂತ್ ಮತ್ತು ಕ್ವಾಲಿಟಿ. ನೋಡಬೇಕಾದದ್ದು ಕ್ವಾಲಿಟಿ. ಸ್ಟ್ರೆಂತ್ ಅಂತೂ ವೈರ್ ಮತ್ತು ಎಲ್‌ಎನ್‌ಬಿ (ಡಿಶ್ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಾಧನ) ಸರಿಯಿದ್ದರೆ ಎತ್ತ ತಿರುಗಿಸಿದರೂ ತೋರಿಸುತ್ತದೆ. ಪಕ್ಕದಲ್ಲೇ 95 ಡಿಗ್ರಿಯಲ್ಲಿ ಬೇರೆ ಉಪಗ್ರಹವಿರುವುದರಿಂದ ಒಂದೂವರೆ ಡಿಗ್ರಿ ತಪ್ಪಿದರೂ ಕೆಲಸ ಕೆಡುತ್ತದೆ. ಪರೀಕ್ಷೆಗೆ ಬಾಕ್ಸ್‌ನಲ್ಲಿ ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಇಟ್ಟು ನೋಡಿ, ಎಲ್‌ಎನ್‌ಬಿ ಯುನಿವರ್ಸಲ್ ಎಂದಿರಲಿ. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ಹೊರಳಿಸಿ ಹೆಚ್ಚು ತೋರಿಸುವಲ್ಲಿ ಬಿಗಿ ಮಾಡಿ. ಕೊನೆಗೆ ಆಟೋ ಸ್ಕ್ಯಾನ್. ಬೋಲ್ಟ್ ಬಿಗಿ ಮಾಡುವಾಗ ಡಿಶ್ ಕದಲುತ್ತದೆ. ಒಂದೊಂದನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಮಾಡಿ, ಮತ್ತೊಮ್ಮೆ ಕ್ವಾಲಿಟಿ ನೋಡಿ. ಸ್ಕ್ಯಾನ್ ಮಾಡಿದರೂ ಕೆಲವು ವಾಹಿನಿ ಸಿಗದಿದ್ದರೆ ಬಾಕ್ಸ್ ಹಳೆಯ ಬಗೆಯ ಎಂಪೆಗ್-2ರದ್ದೇ ಎಂದು ನೋಡಿ. ಎಂಪೆಗ್-4ರಲ್ಲಿ ಬರುವ ವಾಹಿನಿಗಳು ಅದರಲ್ಲಿ ತೆರೆಯುವುದಿಲ್ಲ.

ಕೇಬಲ್ ಅಥವಾ ಖಾಸಗಿ ಡಿಟಿಎಚ್ ಇದ್ದವರು ಡಿಡಿ ಸ್ಪೋರ್ಟ್ಸ್ ಎಷ್ಟನೇ ನಂಬರ್ ಎಂದು ಈಗಲೇ ಹುಡುಕಿ ಫೇವರಿಟ್‌ಗೆ ಹಾಕಿಡಿ. ಒಂದು ವಿಷಯ ನೆನಪಿರಲಿ. ಖಾಸಗಿ ವಾಹಿನಿಯ ಕೈಯಲ್ಲಿ ಹಕ್ಕಿದ್ದು, 2007ರ ಕಾಯ್ದೆಯಂತೆ ಡಿಡಿ ಜೊತೆ ಹಂಚಿಕೊಂಡ ದೊಡ್ಡ ಪಂದ್ಯವಾದರೆ ಅದು ಫ್ರೀ ಡಿಶ್ ಮತ್ತು ಆಂಟೆನಾದಲ್ಲಿ ಮಾತ್ರ ಕಾಣುತ್ತದೆ. ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಆ ಹೊತ್ತಿಗೆ ಬೇರೇನೋ ಬರುತ್ತಿರುತ್ತದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೀಗಾಗಿದೆ, ನಿಮ್ಮ ಕೇಬಲ್‌ನವರ ತಪ್ಪಲ್ಲ. ಹಕ್ಕು ಡಿಡಿಯದ್ದೇ ಆದ ಪಂದ್ಯಕ್ಕೆ ಈ ತೊಡಕಿಲ್ಲ.

ಫೋನಿನಲ್ಲಿ ನೋಡುವವರಿಗೆ

720ಪಿ ಗುಣಮಟ್ಟದಲ್ಲಿ ಗಂಟೆಗೆ ಒಂದರಿಂದ ಒಂದೂವರೆ ಜಿಬಿ ಖರ್ಚಾಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಮೂರನೇ ಕ್ವಾರ್ಟರ್ ಹೊತ್ತಿಗೆ ಮುಗಿದು, ಕೊನೆಯ ಕ್ವಾರ್ಟರ್‌ನಲ್ಲಿ ಚಕ್ರ ಸುತ್ತುತ್ತಾ ನಿಲ್ಲುತ್ತದೆ. 480ಪಿಗೆ ಇಳಿಸಿದರೆ ಅದೇ ಪ್ಯಾಕ್‌ನಲ್ಲಿ ಪೂರ್ತಿ ಪಂದ್ಯ ಮುಗಿಯುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಚೆಂಡೇ ಕಾಣುವುದಿಲ್ಲ, ಹಾಕಿಯಲ್ಲಿ ಚೆಂಡು ಅಷ್ಟು ಸಣ್ಣದು, ಅಷ್ಟು ವೇಗ. ಆ್ಯಪ್‌ನ ಓಟಿಪಿ, ಲಾಗಿನ್, ಅಪ್‌ಡೇಟ್ ಎಲ್ಲವನ್ನೂ ಹಿಂದಿನ ದಿನವೇ ಮುಗಿಸಿ. ಆ್ಯಪ್‌ನ ಚಿತ್ರ ಟಿವಿಗಿಂತ ಅರ್ಧ ನಿಮಿಷದಷ್ಟು ಹಿಂದಿರುತ್ತದೆ. ಪೆನಾಲ್ಟಿ ಕಾರ್ನರ್‌ಗೆ ತೂಫಾನ್ಸ್ ಪರ ಆಡಿದ ಗೊಂಜಾಲೊ ಪೈಯಾಟ್‌ನಂಥ ಡ್ರ್ಯಾಗ್‌ಫ್ಲಿಕ್ಕರ್ (ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಚಿಮ್ಮಿಸುವ ಆಟಗಾರ) ಸಜ್ಜಾಗುತ್ತಿರುವಾಗಲೇ ಗೆಳೆಯರ ಗುಂಪಿನಲ್ಲಿ "ಗೋಲ್" ಎಂದು ಬಂದರೆ ನೋಡುವ ಸುಖವೇ ಹೋಯಿತು. ಆಟ ಮುಗಿಯುವವರೆಗೆ ಗುಂಪನ್ನು ಮ್ಯೂಟ್ ಮಾಡಿಡಿ.

ಕರೆಂಟ್

ರಾಜ್ಯಕ್ಕೆಲ್ಲ ಕರೆಂಟ್ ಕೊಡುವ ಜಿಲ್ಲೆಯಲ್ಲಿ ಪಂದ್ಯದ ಮಧ್ಯೆ ಕರೆಂಟ್ ಹೋಗುವುದು ಬೇಸರದ ಮಾತು, ಆದರೂ ಹೋಗುತ್ತದೆ. 32 ಇಂಚಿನ ಎಲ್‌ಇಡಿ ಟಿವಿ, ಬಾಕ್ಸ್, ರೂಟರ್ ಮೂರೂ ಸೇರಿ ಸುಮಾರು 70 ವಾಟ್. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಚೆನ್ನಾಗಿದ್ದರೆ ಟಿವಿ ಒಂದಕ್ಕೆ ಇಡೀ ಸಂಜೆ ಸಾಲುತ್ತದೆ. ಎರಡು ಫ್ಯಾನ್, ನಾಲ್ಕು ದೀಪ ಜೊತೆಗೆ ಓಡಿದರೆ ಬಹಳ ಬೇಗ ಸೊರಗುತ್ತದೆ. ಜನವರಿ ಸಂಜೆ ರಾಯಚೂರಿನಲ್ಲೂ ಫ್ಯಾನ್ ಬೇಕಾಗದು, ಆರಿಸಿಡಿ. ಇನ್ವರ್ಟರ್ ಇಲ್ಲದವರಿಗೆ ಕಂಪ್ಯೂಟರ್‌ನ ಸಣ್ಣ ಯುಪಿಎಸ್ ಇದ್ದರೂ ಅರ್ಧ ಗಂಟೆ ತಳ್ಳಬಹುದು, ಒಂದು ಕ್ವಾರ್ಟರ್ ದಾಟುತ್ತದೆ. ಬ್ಯಾಟರಿ ಮೂರು ವರ್ಷದ್ದಾಗಿದ್ದರೆ ಒಮ್ಮೆ ಮೇನ್ ಆಫ್ ಮಾಡಿ ಎಷ್ಟು ನಿಮಿಷ ತಡೆಯುತ್ತದೆಂದು ಮೊದಲೇ ಅಳೆದು ನೋಡಿ.

ಮೈದಾನಕ್ಕೇ ಹೋಗುವುದಾದರೆ

ವೇಳಾಪಟ್ಟಿಯಲ್ಲಿ ಚೆನ್ನೈ ಇದ್ದರೆ ನಿಮಗೆ ಅನುಕೂಲ. ರಾಯಚೂರು ಮುಂಬೈ-ಚೆನ್ನೈ ಮುಖ್ಯ ಮಾರ್ಗದಲ್ಲೇ ಇದೆ, ರೈಲು ಬದಲಿಸಬೇಕಿಲ್ಲ. ಕೊಪ್ಪಳ, ಬಳ್ಳಾರಿಯವರು ಗುಂತಕಲ್‌ನಲ್ಲಿ ಇಳಿದು ಹತ್ತಬಹುದು. ಮೇಯರ್ ರಾಧಾಕೃಷ್ಣನ್ ಕ್ರೀಡಾಂಗಣ ಎಗ್ಮೋರ್‌ನಲ್ಲಿದೆ, ಸೆಂಟ್ರಲ್ ನಿಲ್ದಾಣದಿಂದ ದೂರವಲ್ಲ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಜನವರಿ ಎರಡನೇ ವಾರದ ಪಂದ್ಯಕ್ಕೆ ನವೆಂಬರ್ ಎರಡನೇ ವಾರದಲ್ಲೇ ಟಿಕೆಟ್ ತೆಗೆಯಬೇಕು, ಏಕೆಂದರೆ ಅದು ಪೊಂಗಲ್ ಹೊತ್ತು, ಚೆನ್ನೈ ರೈಲುಗಳು ತುಂಬಿರುತ್ತವೆ. ವೇಳಾಪಟ್ಟಿ ಅಷ್ಟರಲ್ಲಿ ಬಂದಿರದಿದ್ದರೆ ಹಬ್ಬದ ಹಿಂದುಮುಂದಿನ ದಿನ ಬಿಟ್ಟು ಸೀಸನ್‌ನ ಮೊದಲ ವಾರದ ಪಂದ್ಯಕ್ಕೆ ಹೊರಡಿ. ವಾಪಸ್ ಬರುವ ರೈಲು ಪಂದ್ಯ ಶುರುವಾದ ಮೂರೂವರೆ ಗಂಟೆಯ ನಂತರದ್ದಾಗಿರಲಿ. ಅದಕ್ಕಿಂತ ಮೊದಲಿನದಾದರೆ ಶೂಟೌಟ್ ಹೊತ್ತಿಗೆ ನೀವು ಆಟೋದಲ್ಲಿರುತ್ತೀರಿ.